ಮೊದಲು ಕೆಸರು ನೋಡಿ, ಆಮೇಲೆ ಫಿಲ್ಟರ್ ಕೊಳ್ಳಿ

ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಸೋಸಿ, ಕ್ಲೋರಿನ್ ಹಾಕಿದ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಹತ್ತಿ ಬರುತ್ತದೆ. ಹೊರಡುವಾಗ ಅದು ತಿಳಿಯಾಗಿಯೇ ಇರುತ್ತದೆ. ಆಮೇಲೆ ಬೀದಿಯ ಹಳೇ ಪೈಪು, ಮನೆಯ ಸಂಪು, ಮೋಟಾರು, ತಾರಸಿ ಮೇಲಿನ ಟ್ಯಾಂಕು, ಗೋಡೆಯೊಳಗೆ ತುಕ್ಕು ಹಿಡಿದ ಜಿ.ಐ. ಕೊಳವೆ. ಇಷ್ಟನ್ನೂ ದಾಟಿ ನಲ್ಲಿಗೆ ಬರುವ ಹೊತ್ತಿಗೆ ಒಂದಿಷ್ಟು ಮಣ್ಣು, ಒಂದಿಷ್ಟು ತುಕ್ಕು ಸೇರಿಕೊಂಡಿರುತ್ತದೆ. ಬೋರ್‌ವೆಲ್ ನೀರಿನ ಮನೆಗಳಿಗೆ ನುಣ್ಣನೆ ಮರಳಿನ ಕಾಟ. ಟ್ಯಾಂಕರ್ ನೀರಿನದು ದಿನಕ್ಕೊಂದು ಬಣ್ಣ.

ಈ ಕೆಸರಿಗೆ ಕಾರ್ಟ್ರಿಜ್ ಫಿಲ್ಟರ್ (ಹೌಸಿಂಗ್ ಎಂಬ ಬಟ್ಟಲಿನೊಳಗೆ ಕೂರುವ, ಬದಲಿಸಬಹುದಾದ ಸೋಸುವ ದಿಂಡು) ಒಳ್ಳೆಯ ಮದ್ದು. ವಿದ್ಯುತ್ ಬೇಡ, ಹನಿ ನೀರೂ ಪೋಲಾಗುವುದಿಲ್ಲ, ಬದಲಿಸುವ ಕೆಲಸವನ್ನು ಮನೆಯವರೇ ಮಾಡಿಕೊಳ್ಳಬಹುದು. ಆದರೆ ಎಷ್ಟೋ ಮನೆಗಳಲ್ಲಿ ಅದು ಹಾಕಿಸಿದ ಮೂರೇ ತಿಂಗಳಿಗೆ ಮೂಲೆ ಸೇರುತ್ತದೆ. ಅಂಗಡಿಯವರು ಕೊಟ್ಟದ್ದನ್ನು ತಂದು ಕೂರಿಸಿದ್ದೇ ಇದಕ್ಕೆ ಕಾರಣ. ತಮ್ಮ ಮನೆಯ ಕೆಸರು ಎಂಥದ್ದೆಂದು ಯಾರೂ ನೋಡಿರುವುದಿಲ್ಲ.

1. ಒಂದು ರಾತ್ರಿ, ಎರಡು ಬಾಟಲಿ

ಲೇಬಲ್ ಕಿತ್ತ ಎರಡು ಗಾಜಿನ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಸಂಪಿಗೆ ಬೀಳುವ ಬೀದಿ ನೀರು, ಇನ್ನೊಂದಕ್ಕೆ ಬೆಳಗಿನ ಮೊದಲ ಅಡುಗೆಮನೆ ನೀರು ಹಿಡಿಯಿರಿ. ಕಿಟಕಿ ಹತ್ತಿರ ಬಿಳಿ ಕಾಗದದ ಮುಂದೆ ಇಟ್ಟು ನೋಡಿ. ಹಾಲಿನಂತೆ ಬೆಳ್ಳಗಿದ್ದ ನೀರು ತಳದಿಂದ ಮೇಲಕ್ಕೆ ತಿಳಿಯಾಗುತ್ತ ಬಂದರೆ ಅದು ಬರೀ ಗಾಳಿ. ಫಿಲ್ಟರಿನ ಕೆಲಸವೇ ಅಲ್ಲಿಲ್ಲ. ಕೆಲವೇ ಸೆಕೆಂಡುಗಳಲ್ಲಿ ತಳ ಸೇರಿ, ಬಾಟಲಿ ಅಲ್ಲಾಡಿಸಿದರೆ ಉರುಳಾಡುವುದು ಮರಳು. ನಿಧಾನವಾಗಿ ಇಳಿದು ತೆಳುವಾದ ಪದರ ಕಟ್ಟುವುದು ನವಿರಾದ ಹೂಳು. ಬೆಳಿಗ್ಗೆ ಎದ್ದು ನೋಡಿದರೂ ನೀರು ಮಬ್ಬಾಗಿಯೇ ಇದ್ದರೆ ಅದು ಜೇಡಿ. ಕಣ ತೀರಾ ಸಣ್ಣದಾದ್ದರಿಂದ ಗಂಟೆಗಟ್ಟಲೆ ತೇಲುತ್ತಲೇ ಇರುತ್ತದೆ.

ಎರಡು ಬಾಟಲಿಗಳನ್ನೂ ಹೋಲಿಸಿ. ಬೀದಿ ನೀರು ತಿಳಿಯಾಗಿದ್ದು ಅಡುಗೆಮನೆ ನೀರಿನಲ್ಲಿ ಕೆಂಪು ಪುಡಿ ಇದ್ದರೆ ತೊಂದರೆ ನಿಮ್ಮ ಮನೆಯೊಳಗೇ ಇದೆ.

2. ಸಂಪು ತೊಳೆಸದೆ ಫಿಲ್ಟರ್ ಹಾಕಿಸಬೇಡಿ

ಸಂಪಿನ ತಳದಲ್ಲಿ ಕೆಸರು ಕೂತಿದ್ದರೆ ಮೋಟಾರು ಹಾಕಿದಾಗಲೆಲ್ಲ ಅದು ಕದಡಿ ಮೇಲೇರುತ್ತದೆ. ಹೊಸ ಕಾರ್ಟ್ರಿಜ್ ಒಂದೇ ವಾರದಲ್ಲಿ ಕಟ್ಟಿಕೊಳ್ಳುತ್ತದೆ. ಸಕ್ಷನ್ ಪೈಪಿನ ಬಾಯಿ ತಳಕ್ಕೆ ತಾಗಿದ್ದರೆ ಅರ್ಧ ಅಡಿ ಮೇಲಕ್ಕೆ ಎತ್ತಿಸಿ. ತಾರಸಿ ಟ್ಯಾಂಕಿನ ಹೊರಹರಿವಿನ ಕೊಳವೆಯೂ ತಳದಿಂದ ಕೊಂಚ ಮೇಲೇ ಇರಲಿ. ಇದಕ್ಕೆ ತಗಲುವುದು ಪ್ಲಂಬರನ ಅರ್ಧ ದಿನದ ಕೂಲಿ. ಅದರಿಂದ ಎಷ್ಟೋ ಕಾರ್ಟ್ರಿಜ್ ಉಳಿಯುತ್ತವೆ.

3. ಮೈಕ್ರಾನ್ ಲೆಕ್ಕ ತಿಳಿದುಕೊಳ್ಳಿ

ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಮರಳು 60ಕ್ಕಿಂತ ದಪ್ಪ, ಹೂಳು 2ರಿಂದ 60ರ ನಡುವೆ, ಜೇಡಿ 2ಕ್ಕಿಂತ ಕಡಿಮೆ. ಇಷ್ಟು ಗೊತ್ತಿದ್ದರೆ ಬಾಟಲಿಯಲ್ಲಿ ಕಂಡದ್ದನ್ನು ಅಂಗಡಿಯವನಿಗೆ ಅಂಕಿಯಲ್ಲಿ ಹೇಳಬಹುದು. ಮರಳಿಗೆ 50 ಸಾಕು. ಹೂಳಿಗೆ 20, ನಂತರ 5. ಜೇಡಿಗೆ 1 ಮೈಕ್ರಾನ್ ಹಾಕಿದರೂ ಪೂರ್ತಿ ಸಿಗುವುದಿಲ್ಲ. ಅಂಥ ನೀರನ್ನು ಮೊದಲು ತೊಟ್ಟಿಯಲ್ಲಿ ಪಟಿಕದಿಂದ ತಿಳಿಗೊಳಿಸುವ ಹಳೇ ಪದ್ಧತಿಯೇ ಸರಿ. ಪಟಿಕವು ಸಣ್ಣ ಕಣಗಳನ್ನು ಒಂದಕ್ಕೊಂದು ಅಂಟಿಸಿ ದಪ್ಪ ಮಾಡುತ್ತದೆ, ಭಾರಕ್ಕೆ ಅವು ತಳ ಸೇರುತ್ತವೆ.

ಡಬ್ಬಿಯ ಮೇಲಿನ ಅಂಕಿಯನ್ನು ಪೂರ್ತಿ ನಂಬಬೇಡಿ. ‘ನಾಮಿನಲ್’ 5 ಮೈಕ್ರಾನ್ ಎಂದರೆ ಆ ಗಾತ್ರದ ಕಣಗಳಲ್ಲಿ ಬಹುಪಾಲು ಸಿಗುತ್ತವೆ, ಎಲ್ಲವೂ ಅಲ್ಲ. ‘ಅಬ್ಸಲ್ಯೂಟ್’ ಎಂದಿದ್ದರೆ ಹೆಚ್ಚುಕಡಿಮೆ ಎಲ್ಲವೂ ಸಿಗುತ್ತವೆ, ಬೆಲೆಯೂ ಏರುತ್ತದೆ. ಮನೆ ಬಳಕೆಗೆ ನಾಮಿನಲ್ ಸಾಕು.

4. ಸಣ್ಣ ಅಂಕಿಯ ಆಸೆಗೆ ಬೀಳಬೇಡಿ

ಹತ್ತರಲ್ಲಿ ಒಂಬತ್ತು ಜನ 1 ಮೈಕ್ರಾನ್ ಕೊಡಿ ಎಂದೇ ಕೇಳುತ್ತಾರೆಂದು ಕಾಣುತ್ತದೆ. ಸಣ್ಣದಾದಷ್ಟೂ ಶುದ್ಧ ಎಂಬ ನಂಬಿಕೆ. ಮರಳು ಬರುವ ನಲ್ಲಿಗೆ ನೇರವಾಗಿ 1 ಮೈಕ್ರಾನ್ ಹಾಕಿದರೆ ಅದು ಮರಳಿನಿಂದಲೇ ಮುಚ್ಚಿಹೋಗುತ್ತದೆ. ದಪ್ಪದ್ದು ಮೊದಲು, ಸಣ್ಣದು ನಂತರ. ಬೋರ್‌ವೆಲ್ ಮನೆಯಲ್ಲಿ ಇವೆಲ್ಲಕ್ಕೂ ಮುಂಚೆ ಸುಮಾರು 100 ಮೈಕ್ರಾನಿನ ಸ್ಟೀಲ್ ಜಾಲರಿ ಫಿಲ್ಟರ್ ಹಾಕಿಸಿ. ಕೆಳಗಿನ ವಾಲ್ವ್ ತಿರುಗಿಸಿದರೆ ಮರಳು ಹೊರಗೆ ಹೋಗುತ್ತದೆ, ಬದಲಿಸುವ ಗೋಜೇ ಇಲ್ಲ.

5. ಅಜ್ಜಿಯ ಬಟ್ಟೆಯನ್ನು ಕಡೆಗಣಿಸಬೇಡಿ

ನಲ್ಲಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟುವುದು, ಕೊಡಕ್ಕೆ ಸೀರೆಯ ತುಂಡು ಮಡಿಸಿ ಹಾಕಿ ನೀರು ಹೊಯ್ಯುವುದು ನಮ್ಮ ಮನೆಗಳಲ್ಲಿ ಹಳೇ ರೂಢಿ. ಅಮೆರಿಕದ ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ ಮತ್ಲಬ್ ಪ್ರದೇಶದ ಹಳ್ಳಿಗಳಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. 2003ರಲ್ಲಿ ಫಲಿತಾಂಶ ಪ್ರಕಟವಾಯಿತು. ಹಳೇ ಸೀರೆಯನ್ನು ನಾಲ್ಕಾರು ಮಡಿಕೆ ಮಾಡಿ ಕೆರೆ, ಹೊಳೆಯ ನೀರು ಸೋಸಿದ ಹಳ್ಳಿಗಳಲ್ಲಿ ಕಾಲರಾ ಶೇ. 48ರಷ್ಟು ಕಡಿಮೆಯಾಗಿತ್ತು. ಕಾಲರಾ ಬ್ಯಾಕ್ಟೀರಿಯಾ ಬಟ್ಟೆಗೆ ಸಿಗುವಷ್ಟು ದೊಡ್ಡದಲ್ಲ. ಆದರೆ ಅದು ನೀರಿನ ಸೂಕ್ಷ್ಮ ಪ್ರಾಣಿಗಳ ಮೈಗೆ ಅಂಟಿಕೊಂಡು ಬದುಕುತ್ತದೆ, ಆ ಪ್ರಾಣಿಗಳು ಸುಮಾರು 20 ಮೈಕ್ರಾನಿನ ಮಡಿಕೆಯಲ್ಲಿ ಸಿಕ್ಕಿಬೀಳುತ್ತವೆ. ತೊಳೆದು ತೊಳೆದು ನೂಲು ಬಿಡಿಸಿಕೊಂಡ ಹಳೇ ಸೀರೆಯೇ ಹೊಸದಕ್ಕಿಂತ ಚೆನ್ನಾಗಿ ಸೋಸಿತೆಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಮನೆಯ ಕಾರ್ಟ್ರಿಜ್ ಮಾಡುವುದೂ ಇದೇ ಕೆಲಸ, ಇನ್ನಷ್ಟು ಅಚ್ಚುಕಟ್ಟಾಗಿ. ಆದರೂ ಅರ್ಧ ಕಡಿಮೆಯಾದ ಕಾಲರಾ ಎಂದರೆ ಅರ್ಧ ಉಳಿದ ಕಾಲರಾ ಎಂಬುದನ್ನು ಮರೆಯುವಂತಿಲ್ಲ. ಕಾರ್ಟ್ರಿಜ್ ದಾಟಿ ಬಂದ ನೀರನ್ನು ಕುದಿಸಿಯೇ ಕುಡಿಯಿರಿ, ಇಲ್ಲವೇ ಯು.ವಿ. ಅಥವಾ ಆರ್.ಒ. ಮೂಲಕ ಹಾಯಿಸಿ. ಯು.ವಿ.ಗೂ ಕ್ಲೋರಿನ್ನಿಗೂ ತಿಳಿ ನೀರೇ ಬೇಕು. ಕಲಕು ನೀರಿನಲ್ಲಿ ರೋಗಾಣುಗಳು ಕಣಗಳ ಮರೆಯಲ್ಲಿ ಉಳಿದುಬಿಡುತ್ತವೆ. ಭಾರತೀಯ ಮಾನಕ ಐ.ಎಸ್. 10500 ಕುಡಿಯುವ ನೀರಿನ ಕಲಕು 1 ಎನ್.ಟಿ.ಯು. (ಕಲಕು ಅಳೆಯುವ ಮಾನ) ಮೀರಬಾರದು ಎನ್ನುತ್ತದೆ. ಬೇರೆ ಮೂಲವೇ ಇಲ್ಲದಿದ್ದರೆ 5ರವರೆಗೆ ಒಪ್ಪುತ್ತದೆ.

6. ಕರಗಿದ್ದನ್ನು ಇದು ಹಿಡಿಯದು

ಪಾತ್ರೆಯ ತಳಕ್ಕೆ ಕಟ್ಟುವ ಬಿಳಿ ಪೊರೆ ಗಡಸು ನೀರಿನದು. ಕೋಲಾರ, ಪಾವಗಡದ ಕಡೆಯ ಬೋರ್‌ವೆಲ್‌ಗಳಲ್ಲಿ ಕಾಡುವ ಫ್ಲೋರೈಡೂ ನೀರಿನಲ್ಲಿ ಕರಗಿರುವಂಥದು. ಕೆಸರು ಹಿಡಿಯುವ ಯಾವ ಕಾರ್ಟ್ರಿಜ್ಜೂ ಇವನ್ನು ತಡೆಯುವುದಿಲ್ಲ. ತಡೆಯುತ್ತದೆಂದು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ಮಕ್ಕಳಿರುವ ಮನೆಯಲ್ಲಿ ಫ್ಲೋರೈಡಿನ ವಿಷಯದಲ್ಲಿ ಊಹೆ ಬೇಡವೇ ಬೇಡ, ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ.

ಕಬ್ಬಿಣದ್ದು ಕರಗಿದ್ದಕ್ಕೂ ಕಣಕ್ಕೂ ನಡುವಿನ ಕತೆ. ಕರಾವಳಿಯ ಜಂಬಿಟ್ಟಿಗೆ ಮಣ್ಣಿನ ಊರುಗಳಲ್ಲಿ ಬೋರ್‌ವೆಲ್ ನೀರು ಬರುವಾಗ ಕನ್ನಡಿಯಂತಿದ್ದು, ಬಕೆಟ್ಟಿನಲ್ಲಿ ಹೊತ್ತು ಕಳೆದ ಮೇಲೆ ಕೆಂಪಗಾಗುವುದುಂಟು. ಕರಗಿದ್ದ ಕಬ್ಬಿಣ ಗಾಳಿ ತಾಗಿ ತುಕ್ಕಿನ ಕಣವಾಗುವುದರಿಂದ ಹೀಗೆ. ಮೋಟಾರಿನ ಬಾಯಿಗೇ ಫಿಲ್ಟರ್ ಹಾಕಿದರೆ ಕಬ್ಬಿಣ ಸರಾಗವಾಗಿ ದಾಟಿಹೋಗುತ್ತದೆ. ನೀರನ್ನು ಶವರಿನ ಹಾಗೆ ಚಿಮ್ಮಿಸಿ ಟ್ಯಾಂಕಿಗೆ ಬೀಳಿಸಿ, ಗಾಳಿಯಾಡಲು ಬಿಟ್ಟು, ಒಂದಷ್ಟು ಹೊತ್ತು ನಿಲ್ಲಿಸಿ, ಟ್ಯಾಂಕಿನಿಂದ ಇಳಿಯುವ ಕೊಳವೆಗೆ ಫಿಲ್ಟರ್ ಹಾಕಿದರೆ ಬಹುಪಾಲು ಸಿಗುತ್ತದೆ.

7. ಸ್ಪನ್, ನೂಲು, ನೆರಿಗೆ: ಮೂರರಲ್ಲಿ ಯಾವುದು?

ಪಾಲಿಪ್ರೊಪಿಲೀನನ್ನು ಕರಗಿಸಿ, ಎಳೆ ಎಳೆಯಾಗಿ ಒಂದರ ಮೇಲೊಂದು ಅಂಟಿಸಿ ಮಾಡಿದ ಬಿಳಿ ದಿಂಡು ಸ್ಪನ್. ಮೆಕ್ಯಾನಿಕ್ಕುಗಳು ಇದನ್ನೇ ಕ್ಯಾಂಡಲ್ ಎನ್ನುವುದೂ ಉಂಟು. ಒಳ್ಳೆಯ ಸ್ಪನ್ ಹೊರಗೆ ಸಡಿಲ, ಒಳಗೊಳಗೆ ಬಿಗಿ. ಜರಡಿಯೊಳಗೆ ಜರಡಿ ಇಟ್ಟ ಹಾಗೆ. ದಪ್ಪ ಕಣ ಹೊರಗೇ ನಿಂತು, ಸಣ್ಣದು ಒಳಗೆ ಸಿಕ್ಕಿಬೀಳುತ್ತದೆ. ಸಾಮಾನ್ಯ ಮನೆಗೆ ನನ್ನ ಮೊದಲ ಆಯ್ಕೆ ಇದೇ. ಇದನ್ನು ತೊಳೆದು ಮತ್ತೆ ಹಾಕುವಂತಿಲ್ಲ. ಉಜ್ಜಿದರೆ ಮೇಲ್ಮೈ ಕೆದರುತ್ತದೆ, ಒಳಗಿನ ಕೆಸರು ಒಳಗೇ ಉಳಿಯುತ್ತದೆ.

ನೂಲು ಸುತ್ತಿದ್ದು ಮರಳಿಗೂ ತುಕ್ಕಿಗೂ ಗಟ್ಟಿಮುಟ್ಟು. ನೆರಿಗೆಯದು ಕೆಸರನ್ನು ಮೈಮೇಲೇ ಹಿಡಿಯುತ್ತದೆ, ಪೈಪಿನ ನೀರು ಬಿಟ್ಟು ತೊಳೆದು ಕೆಲವು ಸಲ ಬಳಸಬಹುದು. ಬೆಲೆ ಹೆಚ್ಚು, ಆದರೆ ಒತ್ತಡವನ್ನು ಕಡಿಮೆ ತಿನ್ನುತ್ತದೆ. ತಾರಸಿ ಟ್ಯಾಂಕಿನ ನೀರಿಗೆ ಅದೇ ಅದರ ದೊಡ್ಡ ಗುಣ.

8. ಒತ್ತಡ ಲೆಕ್ಕ ಹಾಕಿ, ದೊಡ್ಡ ಗಾತ್ರ ಕೊಳ್ಳಿ

ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು ಒಂದು ಬಾರ್ ಒತ್ತಡ. ನಿಮ್ಮ ಬಚ್ಚಲಿಗಿಂತ ಟ್ಯಾಂಕು ಮೂರೇ ಮೀಟರ್ ಮೇಲಿದ್ದರೆ ಕೈಯಲ್ಲಿರುವುದು 0.3 ಬಾರ್ ಮಾತ್ರ. ಅರ್ಧ ಕಟ್ಟಿಕೊಂಡ ಕಾರ್ಟ್ರಿಜ್ ಅಷ್ಟನ್ನೂ ನುಂಗಿ, ಶವರ್ ತೊಟ್ಟಿಕ್ಕತೊಡಗುತ್ತದೆ. ಹತ್ತು ಇಂಚು ಉದ್ದ, ಎರಡೂವರೆ ಇಂಚು ದಪ್ಪದ ತೆಳು ಕಾರ್ಟ್ರಿಜ್ ಅಡುಗೆಮನೆಯ ಒಂದು ನಲ್ಲಿಗೆ, ಆರ್.ಒ. ಮುಂದಿನ ಪ್ರೀ ಫಿಲ್ಟರಿಗೆ ಸಾಕು. ಇಡೀ ಮನೆಗೆ ಇಪ್ಪತ್ತು ಇಂಚಿನ, ನಾಲ್ಕೂವರೆ ಇಂಚು ದಪ್ಪದ ಜಂಬೋ ಬೇಕು. ಇದರ ಹೊರಮೈ ಸಣ್ಣದರ ಮೂರೂವರೆ ಪಟ್ಟಿಗಿಂತ ಹೆಚ್ಚು. ನೀರು ಸಲೀಸಾಗಿ ಹರಿಯುತ್ತದೆ, ಬದಲಿಸುವ ಅವಧಿಯೂ ದೂರವಾಗುತ್ತದೆ. ಕೊಳ್ಳುವಾಗ ದುಬಾರಿಯೆನಿಸಿದರೂ ವರ್ಷದ ಲೆಕ್ಕದಲ್ಲಿ ಗೆಲ್ಲುವುದು ದೊಡ್ಡದೇ.

ಕಾವೇರಿ ನೀರಿನ ಮನೆಗೆ ಸಂಪಿನ ಮೋಟಾರಿನಿಂದ ಟ್ಯಾಂಕಿಗೆ ಏರುವ ಕೊಳವೆಯಲ್ಲೂ ಇದನ್ನು ಕೂರಿಸಬಹುದು. ಅಲ್ಲಿ ಒತ್ತಡಕ್ಕೆ ಕೊರತೆಯಿಲ್ಲ. ಆದರೆ ಹೌಸಿಂಗ್ ತಡೆಯುವ ಒತ್ತಡ ಎಷ್ಟೆಂದು ಅದರ ಮೇಲೆ ಓದಿ, ಮೋಟಾರಿನ ಒತ್ತಡದೊಂದಿಗೆ ಹೋಲಿಸಿಯೇ ಹಾಕಿಸಿ.

9. ಪ್ಲಂಬರ್ ಬಂದಾಗ ಪಕ್ಕದಲ್ಲಿ ನಿಲ್ಲಿ

ಮೂರು ವಾಲ್ವ್ ಕೇಳಿ: ಫಿಲ್ಟರಿನ ಮುಂದೊಂದು, ಹಿಂದೊಂದು, ಸುತ್ತುಬಳಸಿ ಹೋಗುವ ಬೈಪಾಸಿನಲ್ಲಿ ಒಂದು. ಬದಲಿಸುವಾಗ ಮನೆಗೆ ನೀರು ನಿಲ್ಲುವುದಿಲ್ಲ. ಬಟ್ಟಲು ಕೆಳಗಿಳಿದು ಹೊರಬರಲು ಜಾಗ ಇರಲಿ. ಇಪ್ಪತ್ತು ಇಂಚಿನ ಬಟ್ಟಲನ್ನು ನೆಲಕ್ಕೆ ಅಂಟಿಸಿದಂತೆ ಕೂರಿಸಿ ಹೋದರೆ ಆಮೇಲೆ ಪರದಾಡುವವರು ನೀವೇ. ತುಂಬಿದ ಜಂಬೋ ಬಹಳ ಭಾರ, ಬ್ರಾಕೆಟ್ ಗಟ್ಟಿ ಗೋಡೆಗೇ ಬೀಳಲಿ. ಪಾರದರ್ಶಕ ಬಟ್ಟಲಿಗೆ ಬಿಸಿಲು ತಾಗಬಾರದು, ಪಾಚಿ ಕಟ್ಟುತ್ತದೆ. ಬಾಣದ ಗುರುತು ನೀರು ಹರಿಯುವ ದಿಕ್ಕಿಗೇ ಇದೆಯೇ ನೋಡಿ. ನೀರು ಹೊರಗಿನಿಂದ ಒಳಕ್ಕೆ ಹಾಯಬೇಕು.

10. ಬದಲಿಸುವ ದಿನ

ತಿಂಗಳ ಲೆಕ್ಕ ಸುಮ್ಮನೆ ಅಂದಾಜು. ಮಳೆಗಾಲದಲ್ಲಿ ಬೇಗ, ಬೇಸಿಗೆಯಲ್ಲಿ ತಡ, ಟ್ಯಾಂಕರ್ ಬಂದ ವಾರ ಇನ್ನೂ ಬೇಗ. ಮೋಟಾರಿನ ಲೈನಿನಲ್ಲಿದ್ದರೆ ಫಿಲ್ಟರಿನ ಮುಂದೆ, ಹಿಂದೆ ಎರಡು ಪ್ರೆಶರ್ ಗೇಜ್ ಹಾಕಿಸಿ. ಎರಡರ ಅಂತರ ಅರ್ಧ ಬಾರ್ ದಾಟಿದರೆ ಬದಲಿಸಿ. ಟ್ಯಾಂಕಿನ ಲೈನಿನಲ್ಲಿದ್ದರೆ ಬಕೆಟ್ಟೇ ಗೇಜು. ಹೊಸದು ಹಾಕಿದ ದಿನ ಬಕೆಟ್ ತುಂಬಲು ಎಷ್ಟು ಹೊತ್ತಾಯಿತೆಂದು ಕ್ಯಾಲೆಂಡರಿನಲ್ಲಿ ಬರೆದಿಡಿ. ಅದು ಎರಡರಷ್ಟಾದಾಗ ಬದಲಿಸುವ ಸಮಯ.

ವಾಲ್ವ್ ಮುಚ್ಚಿ, ಮೇಲಿನ ಗುಂಡಿ ಒತ್ತಿ ಒತ್ತಡ ಬಿಟ್ಟು, ಆಮೇಲೆ ಬಟ್ಟಲು ತಿರುಗಿಸಿ. ಓ-ರಿಂಗ್ ಒರೆಸಿ, ಸೀಳಿದೆಯೇ ಎಂದು ಬೆರಳಾಡಿಸಿ ನೋಡಿ, ಆಹಾರಕ್ಕೆ ಸಲ್ಲುವ ಸಿಲಿಕೋನ್ ಗ್ರೀಸ್ ಸವರಿ. ವ್ಯಾಸಲಿನ್ ಬೇಡ, ಕೆಲವು ಬಗೆಯ ರಬ್ಬರ್ ಅದರಿಂದ ಉಬ್ಬುತ್ತದೆ. ಕೈಯಿಂದಲೇ ಬಿಗಿ ಮಾಡಿ. ಸೋರುತ್ತಿದೆಯೆಂದು ಸ್ಪ್ಯಾನರಿನಿಂದ ತಿರುವಿದರೆ ಪ್ಲಾಸ್ಟಿಕ್ ತಿರುಪು ಬಿರಿಯುತ್ತದೆ. ಮೊದಲ ಐದು ನಿಮಿಷದ ನೀರು ಗಿಡಕ್ಕೆ ಹೋಗಲಿ.

11. ಹಳೆಯದನ್ನು ಕತ್ತರಿಸಿ ನೋಡಿ

ಎಸೆಯುವ ಮುಂಚೆ ಹಳೇ ಸ್ಪನ್ ದಿಂಡನ್ನು ಗರಗಸದಿಂದ ಅಡ್ಡಕ್ಕೆ ಕೊಯ್ಯಿರಿ. ಹೊರಗಿನ ಅರ್ಧ ಕಂದು ಬಣ್ಣವಾಗಿ, ನಡುವಿನ ತೂತಿನ ಸುತ್ತ ಬಿಳುಪು ಉಳಿದಿದ್ದರೆ ಮೈಕ್ರಾನ್ ಸರಿಯಾಗಿದೆ. ಒಳಗಿನವರೆಗೂ ಒಂದೇ ಕಂದು ಇದ್ದರೆ ಸಣ್ಣ ಕಣ ದಾಟಿ ಹೋಗುತ್ತಿದೆ, ಅದರ ನಂತರ ಇನ್ನೊಂದು ಸಣ್ಣ ಮೈಕ್ರಾನಿನದು ಸೇರಿಸಿ. ಮೇಲೆ ಮಾತ್ರ ತೆಳುವಾದ ಕೆಸರಿನ ಚರ್ಮ ಕಟ್ಟಿ ಒಳಗೆಲ್ಲ ಹೊಸದರಂತಿದ್ದರೆ ನಿಮ್ಮ ಕೆಸರಿಗೆ ಅದು ತೀರಾ ಬಿಗಿಯಾಯಿತು. ದಿಂಡಿನ ಮುಕ್ಕಾಲು ಪಾಲು ವ್ಯರ್ಥ. ಅದಕ್ಕಿಂತ ಮುಂಚೆ ದಪ್ಪ ಮೈಕ್ರಾನಿನದೊಂದನ್ನು ಹಾಕಿ. ಒಂದು ಬದಿಯಲ್ಲಿ ಮಾತ್ರ ಕಂದು ಗೆರೆ ಒಳಗಿನವರೆಗೆ ಇಳಿದಿದ್ದರೆ ಕಾರ್ಟ್ರಿಜ್ ನೇರ ಕೂತಿರಲಿಲ್ಲ, ತುದಿಯ ಸಂದಿನಿಂದ ನೀರು ನುಗ್ಗಿದೆ. ಯಾವ ಸೇಲ್ಸ್‌ಮನ್ನಿನ ಮಾತಿಗಿಂತಲೂ ಈ ಹೋಳಿನ ಮಾತು ನಂಬಿಕೆಗೆ ಅರ್ಹ.

12. ಟ್ಯಾಂಕಿಗಿಂತ ಮುಂಚೆ ಕಾರ್ಬನ್ ಬೇಡ

ಕಾರ್ಬನ್ ಕಾರ್ಟ್ರಿಜ್ ವಾಸನೆಯ ಜೊತೆ ಕ್ಲೋರಿನ್ನನ್ನೂ ತೆಗೆಯುತ್ತದೆ. ಆ ನೀರು ಟ್ಯಾಂಕಿನಲ್ಲಿ ದಿನಗಟ್ಟಲೆ ನಿಂತರೆ ಅದನ್ನು ರೋಗಾಣುಗಳಿಂದ ಕಾಯುವವರಿಲ್ಲ. ಕಾರ್ಬನ್ ಬೇಕಿದ್ದರೆ ಅಡುಗೆಮನೆಯಲ್ಲಿ, ಕೆಸರು ಫಿಲ್ಟರಿನ ನಂತರ ಇರಲಿ.

13. ಊರಿಗೆ ಹೋಗುವಾಗ

ವಾರಗಟ್ಟಲೆ ಮನೆ ಬೀಗ ಹಾಕುವುದಿದ್ದರೆ ಬಟ್ಟಲು ಖಾಲಿ ಮಾಡಿ. ನಿಂತ ನೀರಿನಲ್ಲಿ ಕಾರ್ಟ್ರಿಜ್ ಲೋಳೆಗಟ್ಟುತ್ತದೆ. ಲೋಳೆ ಕಂಡರೆ ಎಷ್ಟೇ ಹೊಸದಿದ್ದರೂ ತೆಗೆದುಬಿಡಿ. ಸ್ಪನ್ ಪಾಲಿಪ್ರೊಪಿಲೀನಿನದು, ಒಣಗಿಸಿ ಒಣ ಕಸಕ್ಕೆ ಕೊಡಿ.

14. ಮೇ ತಿಂಗಳಲ್ಲೇ ಬಿಡಿ ಕಾರ್ಟ್ರಿಜ್ ತಂದಿಡಿ

ಮುಂಗಾರಿನ ಮೊದಲ ವಾರಗಳಲ್ಲಿ ಕೆಸರು ಏರುತ್ತದೆ, ಎಲ್ಲರೂ ಒಟ್ಟಿಗೇ ಅಂಗಡಿಗೆ ಓಡುತ್ತಾರೆ, ಇದ್ದದ್ದನ್ನೇ ಕೊಂಡು ಬರಬೇಕಾಗುತ್ತದೆ. ಎರಡು ಕಾರ್ಟ್ರಿಜ್, ಒಂದು ಓ-ರಿಂಗ್ ಮನೆಯಲ್ಲಿರಲಿ. ಹೋಗುವಾಗ ಹಳೆಯದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಪಕ್ಕದಲ್ಲಿಟ್ಟು ಉದ್ದ, ದಪ್ಪ, ನಡುವಿನ ತೂತು ಮೂರನ್ನೂ ಹೋಲಿಸಿ. ಎರಡನ್ನೂ ಅಂಗೈಯಲ್ಲಿ ಹಿಂಡಿ ನೋಡಿ. ಬೆರಳು ಒತ್ತಿದಲ್ಲಿ ಕುಳಿ ಬಿದ್ದು ಹಾಗೇ ಉಳಿಯುವ ಮೆತ್ತನೆಯ ದಿಂಡನ್ನು ಅಲ್ಲಿಯೇ ಬಿಟ್ಟು ಬನ್ನಿ.