ಗಿರಣಿಯನ್ನು ಮಾರಿದ ಹಣವು ಯಾರಿಗೆ ಸಲ್ಲತಕ್ಕದ್ದು?

ಗಂಡಹೆಂಡಿರು ಅಗಲುವದು ದುಃಖಕರವಾದ ಸಂಗತಿ. ಅಗಲಿದ ಮೇಲೆ ಅವರು ಕೂಡಿ ನಡಿಸಿದ ಅಂಗಡಿಯನ್ನಾಗಲಿ ಗಿರಣಿಯನ್ನಾಗಲಿ ಮಾರಿ ಬಂದ ಹಣಕ್ಕಾಗಿ ಜಗಳವಾದರೆ ಆ ದುಃಖವು ಇಮ್ಮಡಿಯಾಗುತ್ತದೆ. ಆಗ ಕೆಲವರು, ಅರ್ಧರ್ಧ ಹಂಚಿರಿ ಅನ್ನುವರು. ಬೇರೆ ಕೆಲವರು, ಹೆಂಗಸಿಗೆ ಏನೂ ಇಲ್ಲ ಅನ್ನುವರು. ಈ ಎರಡು ಮಾತುಗಳೂ ಸರಿಯಲ್ಲವೆಂಬದನ್ನು ಈ ಪಾಠದಲ್ಲಿ ವಿಚಾರಿಸುವೆವು.

೧. ಹಕ್ಕು ಯಾವದರಿಂದ ಹುಟ್ಟುತ್ತದೆ?

ನೆರೆಯ ಗೋವೆಯಲ್ಲಿ ಪೋರ್ತುಗೀಸರ ಕಾಲದಿಂದ ಬಂದ ಕಾನೂನಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ದಂಪತಿಗಳ ಸೊತ್ತು ಸಾಧಾರಣವಾಗಿ ಇಬ್ಬರಿಗೂ ಸೇರಿದ್ದು. ನಮ್ಮ ಕರ್ನಾಟಕದಲ್ಲಿಯಾದರೋ ಹಾಗಲ್ಲ. ಕ್ರೈಸ್ತರ ವಿವಾಹವಿಚ್ಛೇದನಕ್ಕೆ ಆಧಾರವಾದ ೧೮೬೯ನೆಯ ಇಸವಿಯ ಕಾನೂನು ಸೊತ್ತನ್ನು ಸಮಭಾಗ ಮಾಡಬೇಕೆಂದು ಹೇಳುವದಿಲ್ಲ. ಪತ್ರವು ಯಾರ ಹೆಸರಿನಲ್ಲಿದೆ, ಹಣ ಹಾಕಿದವರು ಯಾರು, ಯಾವ ಕರಾರು ಇತ್ತು ಎಂಬವುಗಳನ್ನು ನೋಡತಕ್ಕದ್ದು. ಗಿರಣಿಯ ನೆಲವು ಮಾವನದಾಗಿದ್ದರೆ ನೆಲದ ಕ್ರಯವು ಮಾವನಿಗೇ ಸಲ್ಲುವದು. ಹೆಂಡತಿಯು ಗಂಡನಿಂದ ಪ್ರತ್ಯೇಕವಾಗಿ ತಾನೇ ನಡಿಸಿದ ವ್ಯಾಪಾರದ ಸಂಪಾದನೆಯು ೧೮೭೪ನೆಯ ಇಸವಿಯ ವಿವಾಹಿತ ಸ್ತ್ರೀಯರ ಸೊತ್ತಿನ ಕಾನೂನಿನ ಮೇರೆಗೆ ಅವಳ ಸ್ವಂತದ್ದು.

೨. ಇಬ್ಬರೂ ಪಾಲುಗಾರರಾಗಿದ್ದರೆ

ಆಗ ೧೯೩೨ನೆಯ ಇಸವಿಯ ಪಾಲುಗಾರಿಕೆಯ ಕಾನೂನು ದಾರಿಯನ್ನು ತೋರಿಸುತ್ತದೆ. ಕರಾರಿನಲ್ಲಿ ಬೇರೆ ವಿಧವಾಗಿ ಬರೆದಿರದಿದ್ದರೆ, ಮೊದಲು ಹೊರಗಿನವರ ಸಾಲವನ್ನು ತೀರಿಸಬೇಕು. ಎರಡನೆಯದಾಗಿ, ಪಾಲುಗಾರರು ಮೂಲಧನವಲ್ಲದೆ ಸಾಲವಾಗಿ ಕೊಟ್ಟದ್ದನ್ನು ಹಿಂದಕ್ಕೆ ಕೊಡಬೇಕು. ಮೂರನೆಯದಾಗಿ, ಅವರವರ ಮೂಲಧನವನ್ನು ಕೊಡಬೇಕು. ಕಡೆಗೆ ಉಳಿದದ್ದನ್ನು ಲಾಭದ ಪಾಲಿನಂತೆ ಹಂಚಬೇಕು. ಲಾಭದ ಪಾಲನ್ನು ಗೊತ್ತುಮಾಡದೆ ಇದ್ದರೆ ಅದು ಸಮಪಾಲು.

ದೃಷ್ಟಾಂತವಾಗಿ, ಒಂದು ಅಕ್ಕಿ ಗಿರಣಿಯು ೧೦ ಲಕ್ಷ ರೂಪಾಯಿಗೆ ಮಾರಲ್ಪಟ್ಟಿತೆಂದು ಎಣಿಸೋಣ. ಬ್ಯಾಂಕಿನ ಸಾಲವೂ ಆಳುಗಳ ಕೂಲಿಯೂ ಸೇರಿ ೨ ಲಕ್ಷ. ಹೆಂಡತಿಯು ತನ್ನ ಒಡವೆಗಳನ್ನು ಮಾರಿ ಗಿರಣಿಗೆ ಸಾಲವಾಗಿ ಕೊಟ್ಟದ್ದು ೧ ಲಕ್ಷ. ಗಂಡನ ಮೂಲಧನ ೩ ಲಕ್ಷ, ಹೆಂಡತಿಯದು ೧ ಲಕ್ಷ. ಇವೆಲ್ಲವನ್ನು ತೆಗೆದರೆ ಉಳಿಯುವದು ೩ ಲಕ್ಷ. ಅದರಲ್ಲಿ ಒಬ್ಬೊಬ್ಬರಿಗೆ ಒಂದೂವರೆ ಲಕ್ಷ. ಹೀಗೆ ಗಂಡನಿಗೆ ನಾಲ್ಕೂವರೆ ಲಕ್ಷವೂ ಹೆಂಡತಿಗೆ ಮೂರೂವರೆ ಲಕ್ಷವೂ ಬರುವದು. ಆದರೆ ಒಡವೆಯ ಹಣವು ಲೆಕ್ಕದ ಪುಸ್ತಕದಲ್ಲಿ ಕಾಣದೆ ಹೋದರೆ ಅದನ್ನು ಸಾಧಿಸುವದು ಬಹು ಕಷ್ಟ.

೩. ಪತ್ರದಲ್ಲಿ ಹೆಸರಿಲ್ಲದವಳು

ಇಪ್ಪತ್ತು ವರುಷ ಬತ್ತವನ್ನು ಒಣಗಿಸಿ, ಗಿರಾಕಿಗಳನ್ನು ವಿಚಾರಿಸಿ, ಆಳುಗಳಿಗೆ ಅಡಿಗೆ ಮಾಡಿದ ಹೆಂಡತಿಯ ಹೆಸರು ಒಂದು ಕಾಗದದಲ್ಲಿಯೂ ಇಲ್ಲದಿದ್ದರೆ ಏನು? ದುಡಿದದ್ದರಿಂದಲೇ ಅವಳು ಪಾಲುಗಾರಳಾಗುವದಿಲ್ಲ. ಇದು ಕಠಿಣವಾದ ಮಾತು, ಆದರೂ ತಿಳಿದಿರತಕ್ಕದ್ದು. ಹಾಗೆಂದು ಅವಳು ಬರಿಗೈಯಲ್ಲಿ ಹೋಗಬೇಕಾದದ್ದಿಲ್ಲ. ಹೆಂಡತಿಯು ವಿಚ್ಛೇದನದ ತೀರ್ಪನ್ನು ಪಡೆದಾಗ ನ್ಯಾಯಾಲಯವು ಅವಳ ಸೊತ್ತನ್ನೂ ಗಂಡನ ಶಕ್ತಿಯನ್ನೂ ಇಬ್ಬರ ನಡತೆಯನ್ನೂ ನೋಡಿ, ಒಂದೇ ಸಾರಿ ಇಲ್ಲವೆ ವರುಷ ವರುಷ ಜೀವನಾಂಶವನ್ನು ಕೊಡಿಸಬಹುದು. ಗಿರಣಿಯನ್ನು ಮಾರಿ ಅವನ ಕೈಸೇರಿದ ಹಣವೂ ಅವನ ಶಕ್ತಿಯ ಲೆಕ್ಕಕ್ಕೆ ಬರುವದು. ಅದು ಹಾಳಾಗುವದೆಂಬ ಭಯವಿದ್ದರೆ ತಡೆಯಾಜ್ಞೆಯನ್ನು ಬೇಡಬಹುದು.

೨೦೦೧ನೆಯ ಇಸವಿಯ ತಿದ್ದುಪಡಿಯಿಂದ ಇಬ್ಬರೂ ಒಪ್ಪಿ ಕೂಡಿ ಅರ್ಜಿ ಕೊಡುವದಕ್ಕೂ ದಾರಿಯಾಯಿತು. ಹಾಗೆ ಮಾಡುವವರು ಯಾರಿಗೆ ಎಷ್ಟು, ಯಾವಾಗ ಎಂಬದನ್ನು ಸ್ಪಷ್ಟವಾಗಿ ಬರೆಯಿಸಬೇಕು. ಆಮೇಲೆ ನೋಡೋಣವೆಂಬ ಮಾತನ್ನು ನಂಬಿ ರುಜು ಹಾಕಬಾರದು.

೪. ನಾವು ಮಾಡತಕ್ಕದ್ದು

ಇಂಥ ಜಗಳವು ನಮ್ಮ ಮುಂದೆ ಬಂದರೆ, ಯಾರು ಒಳ್ಳೆಯವರೆಂದು ತರ್ಕಿಸುವದಕ್ಕೆ ಮುಂಚೆ ಕರಾರು ಪತ್ರವನ್ನೂ ಲೆಕ್ಕದ ಪುಸ್ತಕವನ್ನೂ ತರಿಸಿ ನೋಡೋಣ. ತೀರದಿದ್ದರೆ ಬಲ್ಲ ವಕೀಲರ ಬಳಿಗೆ ಕಳುಹಿಸೋಣ. ನಮ್ಮ ನಮ್ಮ ಮನೆಗಳಲ್ಲಿಯಾದರೋ ಸಮಾಧಾನವಿರುವಾಗಲೇ ದುಡಿಯುವವಳ ಹೆಸರನ್ನು ಪತ್ರದಲ್ಲಿ ಸೇರಿಸೋಣ. ಅವಳು ಕೊಟ್ಟ ಹಣವನ್ನು ತಾರೀಖಿನೊಂದಿಗೆ ಬರೆದಿಡೋಣ. ಪ್ರೀತಿಯುಳ್ಳವರಿಗೆ ಬರಹವೇಕೆಂದು ಕೇಳುವವರುಂಟು. ಪ್ರೀತಿಯಿರುವಾಗಲ್ಲವೇ ನ್ಯಾಯವಾಗಿ ಬರೆಯುವದು ಸುಲಭ?