ಪತನದ ಕಥನ ಮತ್ತು ಕರ್ತೃವಿನ ಪ್ರಶ್ನೆ: ಆಸ್ಕರ್ ಪಿಸ್ಟೋರಿಯಸ್ ಪ್ರಕರಣದ ಒಂದು ಓದು

ಟ್ರ್ಯಾಜಿಡಿ ಎಂಬ ಗ್ರೀಕ್ ಮೂಲದ ಪರಿಕಲ್ಪನೆಗೆ ಕನ್ನಡದಲ್ಲಿ ಒಂದೇ ಪದ ನೆಲೆಗೊಳ್ಳಲಿಲ್ಲ. 'ರುದ್ರನಾಟಕ', 'ದುರಂತ', ಎಸ್.ವಿ. ರಂಗಣ್ಣನವರು ಬಳಸಿದ 'ಗಂಭೀರ ನಾಟಕ' ಇವು ವಿಮರ್ಶೆಯಲ್ಲಿ ಜೊತೆಜೊತೆಯಾಗಿಯೇ ನಡೆದುಬಂದಿವೆ. ಇವುಗಳಲ್ಲಿ 'ದುರಂತ' ಮಾತ್ರ ರಂಗಭೂಮಿಯನ್ನು ದಾಟಿ ಪತ್ರಿಕೆಗಳ ತಲೆಬರಹವನ್ನು ಸೇರಿತು. ರೈಲು ಹಳಿ ತಪ್ಪಿದರೂ ದುರಂತ, ಅಣೆಕಟ್ಟು ಒಡೆದರೂ ದುರಂತ, ಹೆಸರಾಂತ ಕ್ರೀಡಾಪಟುವೊಬ್ಬ ಕೊಲೆಗಾರನಾಗಿ ಸೆರೆಮನೆಗೆ ಹೋದರೂ ದುರಂತ. ಈ ಪದಕ್ಕೆ ತನ್ನದೇ ಆದ ಒಂದು ವ್ಯಾಕರಣವಿದೆ. ದುರಂತವನ್ನು ಯಾರೂ 'ಮಾಡುವುದಿಲ್ಲ', ಅದು 'ಸಂಭವಿಸುತ್ತದೆ'. ಅಂದರೆ ಈ ವಾಕ್ಯದಲ್ಲಿ ಕ್ರಿಯೆಯಿದೆ, ಆದರೆ ಕರ್ತೃಸ್ಥಾನ ಖಾಲಿಯಾಗಿದೆ. ಹಳಿ ತಪ್ಪಿದ ರೈಲಿನ ವಿಷಯದಲ್ಲಿ ಇದು ಸಹ್ಯ. ಕೊಲೆಯ ವಿಷಯದಲ್ಲಿ ಸಹ್ಯವೇ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ. ದಕ್ಷಿಣ ಆಫ್ರಿಕಾದ ಓಟಗಾರ ಆಸ್ಕರ್ ಪಿಸ್ಟೋರಿಯಸ್‌ನ ಪ್ರಕರಣವನ್ನು ಇದಕ್ಕೆ ಆಕರವಾಗಿ ಇಟ್ಟುಕೊಳ್ಳಲಾಗಿದೆ. ಅಲ್ಲಿ ಈ ಪ್ರಶ್ನೆ ನ್ಯಾಯಾಲಯದ ತೀರ್ಪಿನೊಳಗೇ ಎದ್ದುನಿಂತಿದೆ.

ಪಿಸ್ಟೋರಿಯಸ್ 1986ರ ನವೆಂಬರ್‌ನಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಹುಟ್ಟಿದಾಗ ಆತನ ಎರಡೂ ಕಾಲುಗಳಲ್ಲಿ ಮೊಣಕಾಲಿನ ಕೆಳಗಿನ ಹೊರಮೂಳೆ ಇರಲಿಲ್ಲ. ಹನ್ನೊಂದು ತಿಂಗಳ ಮಗುವಾಗಿದ್ದಾಗ ಎರಡೂ ಕಾಲುಗಳನ್ನು ಮೊಣಕಾಲಿನ ಕೆಳಗೆ ಕತ್ತರಿಸಲಾಯಿತು. ಶಾಲೆಯಲ್ಲಿ ರಗ್ಬಿ ಆಡುತ್ತ ಮೊಣಕಾಲಿಗೆ ಪೆಟ್ಟಾದ ಮೇಲೆ, ಚೇತರಿಕೆಗಾಗಿ 2004ರಲ್ಲಿ ಓಟಕ್ಕಿಳಿದ. ಅದೇ ವರ್ಷ ಅಥೆನ್ಸ್ ಪ್ಯಾರಾಲಿಂಪಿಕ್ಸ್‌ನ 200 ಮೀಟರ್ ಓಟದಲ್ಲಿ ಚಿನ್ನ ಗೆದ್ದ. ಇಂಗಾಲದ ನಾರಿನಿಂದ ಮಾಡಿದ, ಬಾಗಿದ ಅಲಗಿನಂಥ ಕೃತಕ ಪಾದಗಳು ಆತನಿಗೆ 'ಬ್ಲೇಡ್ ರನ್ನರ್' ಎಂಬ ಹೆಸರು ತಂದವು. ಇವು ಅನುಚಿತ ಅನುಕೂಲ ಒದಗಿಸುತ್ತವೆಂದು ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ 2008ರ ಜನವರಿಯಲ್ಲಿ ನಿಷೇಧ ಹೇರಿತು. ಮೇ ತಿಂಗಳಲ್ಲಿ ಕ್ರೀಡಾ ಪಂಚಾಯ್ತಿ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. ಬೀಜಿಂಗ್ ಪ್ಯಾರಾಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಬಂದವು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಓಟದ ಸೆಮಿಫೈನಲ್ ತಲುಪಿ, ಒಲಿಂಪಿಕ್ ಓಟದ ಪಥದಲ್ಲಿ ಸ್ಪರ್ಧಿಸಿದ ಎರಡೂ ಕಾಲಿಲ್ಲದ ಮೊದಲ ಕ್ರೀಡಾಪಟುವಾದ. ಕೆಲವೇ ವಾರಗಳ ನಂತರ ಅದೇ ನಗರದ ಪ್ಯಾರಾಲಿಂಪಿಕ್ಸ್‌ನ 200 ಮೀಟರ್ ಓಟದಲ್ಲಿ ಬ್ರೆಜಿಲ್‌ನ ಅಲನ್ ಒಲಿವೆರಾ ಎದುರು ಸೋತಾಗ, ಎದುರಾಳಿಯ ಬ್ಲೇಡುಗಳು ಅತಿ ಉದ್ದವಾಗಿವೆಯೆಂದು ದೂರಿದ. ತನ್ನ ಮೇಲೆ ಹೊರಿಸಲಾಗಿದ್ದ ಆರೋಪವನ್ನೇ ಆತ ಇನ್ನೊಬ್ಬನ ಮೇಲೆ ಹೊರಿಸಿದ. ಏರುವ ನಾಯಕನ ಕಥನದಲ್ಲಿ ಇಂಥ ವಿವರಗಳಿಗೆ ಜಾಗ ಕಡಿಮೆ.

2013ರ ಫೆಬ್ರವರಿ 14ರ ನಸುಕಿನಲ್ಲಿ ಪ್ರಿಟೋರಿಯಾದ ತನ್ನ ಮನೆಯಲ್ಲಿ ಪಿಸ್ಟೋರಿಯಸ್ ಒಳಗಿನಿಂದ ಚಿಲಕ ಹಾಕಿದ್ದ ಶೌಚಾಲಯದ ಬಾಗಿಲಿನ ಮೂಲಕ ನಾಲ್ಕು ಗುಂಡು ಹಾರಿಸಿದ. ಒಳಗಿದ್ದ ರೀವಾ ಸ್ಟೀನ್‌ಕಾಂಪ್‌ಗೆ ಮೂರು ಗುಂಡುಗಳು ತಗುಲಿದವು. ಆಕೆ ಸತ್ತಳು. ಒಳಗಿದ್ದವನು ಕಳ್ಳನೆಂದು ಭಾವಿಸಿದೆ ಎಂಬುದು ಆತನ ವಾದ. ಜಗಳವಾಡಿ ಓಡಿಹೋಗಿ ಬಾಗಿಲು ಹಾಕಿಕೊಂಡವಳನ್ನು ಕೊಂದ ಎಂಬುದು ಪ್ರಾಸಿಕ್ಯೂಷನ್ ವಾದ.

ಘಟನೆಯ ನಂತರ ಹೊರಬಂದ ಬರಹಗಳ ಸ್ವರೂಪವನ್ನು ಗಮನಿಸಬೇಕು. 'ಟೈಮ್' ಪತ್ರಿಕೆ 2013ರ ಮಾರ್ಚ್‌ನ ಮುಖಪುಟದಲ್ಲಿ ಮೂರೇ ಪದಗಳನ್ನು ಒಂದರ ಕೆಳಗೊಂದು ಮುದ್ರಿಸಿತು: ಮನುಷ್ಯ, ಅತಿಮಾನವ, ಬಂದೂಕುಧಾರಿ. ಏರಿಳಿತದ ಈ ಮೂರು ಮೆಟ್ಟಿಲುಗಳಲ್ಲಿ ನಿಂತಿರುವವನು ಒಬ್ಬನೇ. ಆತನನ್ನು ಬಂದೂಕಿನಿಂದ ಹೊರಡುವ ಗುಂಡಿಗೆ ಹೋಲಿಸಿದ್ದ ನೈಕಿ ಕಂಪನಿಯ ಜಾಹೀರಾತನ್ನು ತರಾತುರಿಯಲ್ಲಿ ಹಿಂತೆಗೆಯಲಾಯಿತು. ಇತ್ತ ರೀವಾ ಭಾಗವಹಿಸಿದ್ದ ದೂರದರ್ಶನ ಸ್ಪರ್ಧೆಯೊಂದರ ಪ್ರಸಾರ ಆಕೆ ಸತ್ತ ಎರಡೇ ದಿನಗಳಲ್ಲಿ ಆರಂಭವಾಯಿತು. ಆಕೆ ಕಾನೂನು ಪದವೀಧರೆ, ರೂಪದರ್ಶಿ, ವಯಸ್ಸು 29. ಸ್ತ್ರೀಯರ ಮೇಲಿನ ದೌರ್ಜನ್ಯದ ಬಗ್ಗೆ ಜೋಹಾನ್ಸ್‌ಬರ್ಗ್‌ನ ಶಾಲೆಯೊಂದರಲ್ಲಿ ಆಕೆ ಮಾತನಾಡಬೇಕಿದ್ದುದು ಅದೇ ಫೆಬ್ರವರಿ 14ರಂದು. ಬಹುಪಾಲು ವರದಿಗಳಲ್ಲಿ ಇದು ಒಂದು ವ್ಯಂಗ್ಯದ ಸಾಲಾಗಿ ಬಂದಿತೇ ಹೊರತು ಆಕೆಯ ಚಿಂತನೆಯ ದಿಕ್ಕನ್ನು ಸೂಚಿಸುವ ಸಂಗತಿಯಾಗಿ ಬರಲಿಲ್ಲ. (ಅರ್ಜೆಂಟೀನಾದ ವಿಶ್ವಚಾಂಪಿಯನ್ ಬಾಕ್ಸರ್ ಕಾರ್ಲೋಸ್ ಮೊನ್ಸೋನ್‌ನ ಕೈಯಲ್ಲಿ ಅಲಿಸಿಯಾ ಮುನಿಸ್ ಸತ್ತದ್ದೂ 1988ರ ಫೆಬ್ರವರಿ 14ರಂದೇ. ಆತನಿಗೆ ಹನ್ನೊಂದು ವರ್ಷಗಳ ಶಿಕ್ಷೆಯಾಯಿತು. ಸಾಂಟಾ ಫೆ ನಗರದಲ್ಲಿ ಆತನ ಪ್ರತಿಮೆಯಿದೆ.)

ಜ್ಯೂರಿ ಪದ್ಧತಿಯನ್ನು 1969ರಲ್ಲೇ ಕೈಬಿಟ್ಟ ದಕ್ಷಿಣ ಆಫ್ರಿಕಾದಲ್ಲಿ ವಿಚಾರಣೆ 2014ರ ಮಾರ್ಚ್ 3ರಂದು ನ್ಯಾಯಮೂರ್ತಿ ಥೊಕೊಝಿಲೆ ಮಸೀಪಾ ಅವರ ಮುಂದೆ ಆರಂಭವಾಯಿತು. ನ್ಯಾಯಾಧೀಶೆಯಾಗುವ ಮೊದಲು ಅವರು ಅಪರಾಧ ವರದಿಗಾರ್ತಿಯಾಗಿದ್ದವರು. ಬಾಗಿಲ ಹಿಂದೆ ಇದ್ದವರು ಸಾಯಬಹುದೆಂದು ಆರೋಪಿ ಮುಂಗಂಡಿದ್ದನೆಂಬುದು ಸಾಬೀತಾಗಿಲ್ಲ, ಏಕೆಂದರೆ ರೀವಾ ಹಾಸಿಗೆಯಲ್ಲಿದ್ದಾಳೆಂದು ಆತ ನಂಬಿದ್ದ ಎಂಬುದು ಅವರ ತರ್ಕದ ಸಾರ. ಸೆಪ್ಟೆಂಬರ್ 12ರಂದು ಕೊಲೆಯ ಆರೋಪ ಬಿದ್ದುಹೋಗಿ, ಅಜಾಗರೂಕತೆಯಿಂದ ಸಾವಿಗೆ ಕಾರಣನಾದ ಅಪರಾಧ ಮಾತ್ರ ಉಳಿಯಿತು. ಶಿಕ್ಷೆ ಐದು ವರ್ಷ.

2015ರ ಡಿಸೆಂಬರ್ 3ರಂದು ಸರ್ವೋಚ್ಚ ಮೇಲ್ಮನವಿ ನ್ಯಾಯಾಲಯ ಇದನ್ನು ತಿರುವಿಹಾಕಿ ಆತ ಕೊಲೆಗಾರನೆಂದು ಘೋಷಿಸಿತು. ನ್ಯಾಯಮೂರ್ತಿ ಎರಿಕ್ ಲೀಚ್ ಬರೆದ ಆ ತೀರ್ಪನ್ನು ಸಾಹಿತ್ಯದ ವಿದ್ಯಾರ್ಥಿಗಳು ಓದಲೇಬೇಕು. ಅದರ ಆರಂಭದಲ್ಲೇ ಈ ಪ್ರಕರಣವನ್ನು ಷೇಕ್ಸ್‌ಪಿಯರನ ಪ್ರಮಾಣದ ಮಾನವ ದುರಂತವೆಂದು ಬಣ್ಣಿಸಲಾಗಿದೆ. ಅಂಗವೈಕಲ್ಯವನ್ನು ಮೀರಿದ ಯುವಕ, ಕೀರ್ತಿ, ಚೆಲುವೆಯೊಂದಿಗೆ ಪ್ರೇಮ, ಕೊನೆಗೆ ಪ್ರೇಮಿಗಳ ದಿನದಂದೇ ಸರ್ವನಾಶ: ನಾಟಕವೊಂದರ ಕಥಾಸಾರದಂತೆ ಅದು ಸಾಗುತ್ತದೆ. ಆದರೆ ತೀರ್ಪಿನ ಮುಂದಿನ ಪುಟಗಳು ಈ ನಾಟಕವನ್ನು ಬದಿಗೆ ಸರಿಸುತ್ತವೆ. ಅಲ್ಲಿ ಕೇಳಿರುವ ಪ್ರಶ್ನೆ ತೀರ ಸರಳ. ಸಣ್ಣ ಕೋಣೆಯೊಂದರ ಮುಚ್ಚಿದ ಬಾಗಿಲಿಗೆ ನಾಲ್ಕು ಗುಂಡು ಹೊಡೆಯುವವನಿಗೆ, ಒಳಗಿರುವವರು ಯಾರೇ ಆಗಿರಲಿ, ಅವರು ಸಾಯಬಹುದೆಂಬ ಅರಿವು ಇರುತ್ತದೆಯೋ ಇಲ್ಲವೋ? ಇದ್ದೂ ಗುಂಡು ಹಾರಿಸಿದರೆ ಅದು ಕೊಲೆ. ರೋಮನ್ ನ್ಯಾಯಪರಂಪರೆಯಿಂದ ಬಂದ 'ಡೋಲಸ್ ಇವೆಂಚುವಾಲಿಸ್' ಎಂಬ ಪರಿಭಾಷೆ ಹೇಳುವುದು ಇದನ್ನೇ: ಪರಿಣಾಮವನ್ನು ಬಯಸಿರಬೇಕಿಲ್ಲ, ಸಾಧ್ಯತೆಯನ್ನು ಕಂಡೂ ಅದಕ್ಕೆ ಒಪ್ಪಿ ಮುಂದುವರಿದಿದ್ದರೆ ಸಾಕು. ದುರಂತದ ಭಾಷೆ ಖಾಲಿ ಬಿಟ್ಟ ಕರ್ತೃಸ್ಥಾನವನ್ನು ಕಾನೂನಿನ ಭಾಷೆ ಹೀಗೆ ತುಂಬುತ್ತದೆ. ಒಂದೇ ಪಠ್ಯದಲ್ಲಿ ಎರಡು ಸಂಕಥನಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುವ ಇಂಥ ಉದಾಹರಣೆ ಅಪರೂಪ.

ಅರಿಸ್ಟಾಟಲನ 'ಹಮಾರ್ಟಿಯ'ವನ್ನು ಕನ್ನಡದಲ್ಲಿ ದುರಂತದೋಷ ಎನ್ನುವುದುಂಟು. ಆ ಪದದ ಮೂಲದಲ್ಲಿ ಇರುವುದು ಬಿಲ್ಲುಗಾರನ ಗುರಿ ತಪ್ಪುವ ಚಿತ್ರ. ಪಿಸ್ಟೋರಿಯಸ್‌ನ ಪರ ವಾದವೂ ಮೂಲತಃ ಇದೇ: ವ್ಯಕ್ತಿಯನ್ನು ಗುರುತಿಸುವುದರಲ್ಲಿ ತಪ್ಪಾಯಿತು, ಆದ್ದರಿಂದ ಇದು ದೋಷವೇ ಹೊರತು ಅಪರಾಧವಲ್ಲ. ಇಲ್ಲಿ ಅಶ್ವತ್ಥಾಮನ ಕಥೆಯನ್ನು ನೆನೆಯುವುದು ಅಸಂಗತವಲ್ಲ. ಕನ್ನಡ ಓದುಗರಿಗೆ ಪರಿಚಿತವಾದ ಕಥಾರೂಪದಲ್ಲಿ ಆತ ಕತ್ತಲಲ್ಲಿ ಶಿಬಿರಕ್ಕೆ ನುಗ್ಗಿ, ಪಾಂಡವರೆಂದು ಭಾವಿಸಿ ಅವರ ಮಕ್ಕಳ ತಲೆಗಳನ್ನು ತರುತ್ತಾನೆ. ಗುರುತು ತಪ್ಪಿತ್ತು ಎಂಬ ಕಾರಣಕ್ಕೆ ಆತನನ್ನು ನಿರ್ದೋಷಿಯೆಂದು ಆ ಪರಂಪರೆ ಹೇಳಲಿಲ್ಲ. ಮಲಗಿದ್ದವರನ್ನು ಕೊಂದದ್ದೇ ಅಲ್ಲಿಯ ಪಾತಕ, ಮಲಗಿದ್ದವರು ಯಾರೆಂಬುದಲ್ಲ. ಮೇಲ್ಮನವಿ ನ್ಯಾಯಾಲಯ ತಲುಪಿದ ನಿಲುವೂ ಇದಕ್ಕಿಂತ ಬೇರೆಯಲ್ಲ.

ಬಾಗಿಲ ಹಿಂದಿದ್ದ 'ಕಳ್ಳ'ನ ಕಲ್ಪನೆಯಲ್ಲಿಯೇ ವರ್ಣಭೇದದ ಚರಿತ್ರೆ ಅಡಗಿದೆಯೆಂದು ವಿಮರ್ಶಕಿ ಜಾಕ್ವೆಲಿನ್ ರೋಸ್ 2015ರಲ್ಲಿ 'ಲಂಡನ್ ರಿವ್ಯೂ ಆಫ್ ಬುಕ್ಸ್'ನಲ್ಲಿ ಬರೆದರು. ಕಳ್ಳನೆಂದುಕೊಂಡೆ ಎಂಬ ಮಾತು ಸಮರ್ಥನೆಯಾಗಿ ಚಲಾವಣೆಯಾಗಬೇಕಾದರೆ, ಆ ಅನಾಮಿಕನ ಜೀವ ಅಗ್ಗವೆಂದು ಕೇಳುಗರು ಮೊದಲೇ ಒಪ್ಪಿರಬೇಕಾಗುತ್ತದೆ.

ಆದರೆ ಕಾನೂನಿನ ಭಾಷೆಗೂ ಒಂದು ಮಿತಿಯಿದೆ, ಮತ್ತು ಅದು ಸಣ್ಣದಲ್ಲ. ಒಳಗಿದ್ದವರು ಯಾರೆಂಬುದು ಮುಖ್ಯವಲ್ಲ ಎಂದೇ ನ್ಯಾಯಾಲಯ ಆತನನ್ನು ಕೊಲೆಗಾರನೆಂದು ತೀರ್ಮಾನಿಸಿದ್ದು. ಹಾಗಾಗಿ ಶಿಕ್ಷೆಯ ತರ್ಕಕ್ಕೆ ರೀವಾ ರೀವಾಳೇ ಆಗಿರಬೇಕಾದ ಅಗತ್ಯವಿಲ್ಲ. ದುರಂತದ ಕಥನದಲ್ಲಿ ಆಕೆ ನಾಯಕನ ಬಾಳಿನ ಒಂದು ಘಟನೆ, ಕಾನೂನಿನ ತರ್ಕದಲ್ಲಿ ಬಾಗಿಲ ಹಿಂದಿನ ಒಬ್ಬ ವ್ಯಕ್ತಿ. ಆಕೆಯ ದನಿ ನ್ಯಾಯಾಲಯದಲ್ಲಿ ಕೇಳಿಸಿದ್ದು ಮುಖ್ಯವಾಗಿ ಫೋನಿನ ಸಂದೇಶಗಳ ಮೂಲಕ. ಅವುಗಳಲ್ಲೊಂದರಲ್ಲಿ ಆಕೆ, ನೀನು ನನ್ನ ಮೇಲೆ ಹರಿಹಾಯುವ ರೀತಿಗೆ ಒಮ್ಮೊಮ್ಮೆ ನನಗೆ ನಿನ್ನ ಭಯವಾಗುತ್ತದೆ ಎಂಬರ್ಥದ ಮಾತನ್ನು ಆತನಿಗೆ ಬರೆದಿದ್ದಳು. ಸಂದೇಶಗಳಲ್ಲಿ ಹೆಚ್ಚಿನವು ಪ್ರೀತಿಯವೇ ಎಂದು ಪ್ರತಿವಾದಿ ಪಕ್ಷ ತೋರಿಸಿತು. ಭಯದ ಒಂದು ವಾಕ್ಯವನ್ನು ಪ್ರೀತಿಯ ನೂರು ವಾಕ್ಯಗಳ ಎದುರು ತಕ್ಕಡಿಗೆ ಹಾಕುವ ಈ ಕ್ರಮವೇ ಪ್ರಶ್ನಾರ್ಹವಾದುದು.

ಪತನಗೊಂಡ ವೀರನ ಬಗ್ಗೆ ಮರುಕ ಹುಟ್ಟಿಸುವ ಕಾವ್ಯಕ್ಕೆ ಕನ್ನಡದಲ್ಲಿ ರನ್ನನ 'ಗದಾಯುದ್ಧ'ಕ್ಕಿಂತ ಮಿಗಿಲಾದ ನಿದರ್ಶನವಿಲ್ಲ. ಅದರ ನಾಯಕ ಭೀಮನೋ ದುರ್ಯೋಧನನೋ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಆದರೆ ರನ್ನ ಆ ಮರುಕವನ್ನು ಪುಕ್ಕಟೆಯಾಗಿ ಕೊಡುವುದಿಲ್ಲವೆಂಬುದನ್ನು ಈ ಚರ್ಚೆ ಅಷ್ಟಾಗಿ ಗಮನಿಸಿಲ್ಲ. ದುರ್ಯೋಧನ ಸಂಜಯನೊಡನೆ ರಣರಂಗವನ್ನು ಹಾದುಹೋಗುತ್ತಾನೆ. ದ್ರೋಣ, ಅಭಿಮನ್ಯು, ಲಕ್ಷಣಕುಮಾರ, ದುಶ್ಶಾಸನ, ಕರ್ಣ ಇವರ ದೇಹಗಳ ಎದುರು ಒಂದೊಂದಾಗಿ ನಿಲ್ಲುತ್ತಾನೆ. ಶತ್ರುಪಕ್ಷದ ಹುಡುಗನ ಹೆಣವನ್ನೂ ಕಣ್ಣೆತ್ತಿ ನೋಡುತ್ತಾನೆ, ಅವನ ಶೌರ್ಯವನ್ನು ಮೆಚ್ಚುತ್ತಾನೆ. ಸತ್ತವರಿಗೆ ಹೆಸರಿದೆ, ಅವರ ಎದುರು ನಾಯಕ ನಿಲ್ಲಲೇಬೇಕು. ಓದುಗನ ಮರುಕ ಬರುವುದು ಆಮೇಲೆ.

ಪ್ರಿಟೋರಿಯಾದ ನ್ಯಾಯಾಲಯದಲ್ಲಿ ನಡೆದದ್ದನ್ನು ಇದರ ಎದುರು ಇಟ್ಟು ನೋಡಬಹುದು. ಶವಪರೀಕ್ಷೆ ನಡೆಸಿದ ತಜ್ಞರು 2014ರ ಮಾರ್ಚ್ 10ರಂದು ಸಾಕ್ಷ್ಯ ನುಡಿದಾಗ ಅದರ ನೇರ ಪ್ರಸಾರಕ್ಕೆ ಅನುಮತಿ ಇರಲಿಲ್ಲ. ಆರೋಪಿ ಮತ್ತೆ ಮತ್ತೆ ವಾಂತಿ ಮಾಡಿಕೊಂಡ. ಮರುದಿನದ ಸುದ್ದಿಯಾದದ್ದು ಗಾಯಗಳಲ್ಲ, ವಾಂತಿ. ಏಪ್ರಿಲ್‌ನ ಪಾಟೀಸವಾಲಿನಲ್ಲಿ ಪ್ರಾಸಿಕ್ಯೂಟರ್ ಗೆರಿ ನೆಲ್ ರೀವಾಳ ತಲೆಯ ಗಾಯದ ಚಿತ್ರವನ್ನು ನೋಡೆಂದಾಗ ಆತ ನೋಡಲೊಪ್ಪಲಿಲ್ಲ. ನಿರಾಕರಣೆಯ ಹಿಂದೆ ನಿಜವಾದ ಯಾತನೆ ಇದ್ದಿರಬಹುದು, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಆ ಯಾತನೆಯೇ ದೃಶ್ಯವಾಗಿ, ಸತ್ತವಳು ದೃಶ್ಯದಿಂದ ಹೊರಗುಳಿದಳು. ಆಕೆಯನ್ನು ಒಳಗೆ ತಂದವರು ತಂದೆ ಬ್ಯಾರಿ ಸ್ಟೀನ್‌ಕಾಂಪ್. 2016ರ ಜೂನ್‌ನಲ್ಲಿ ಕೊಲೆಗೆ ಶಿಕ್ಷೆ ನಿಗದಿಪಡಿಸುವ ವಿಚಾರಣೆಯಲ್ಲಿ ಸಾಕ್ಷಿ ನುಡಿದ ಅವರು, ಮಗಳ ಗಾಯಗಳ ಚಿತ್ರಗಳನ್ನು ಲೋಕ ನೋಡಲಿ ಎಂದು ಕೋರಿದರು, ನ್ಯಾಯಾಲಯ ಒಪ್ಪಿತು. ಅದೇ ವಿಚಾರಣೆಯಲ್ಲಿ ಪಿಸ್ಟೋರಿಯಸ್ ಕೃತಕ ಪಾದಗಳನ್ನು ಕಳಚಿ, ಕತ್ತರಿಸಿದ ಕಾಲುಗಳ ಮೇಲೆ ನ್ಯಾಯಾಲಯದಲ್ಲಿ ನಡೆದು ತೋರಿಸಿದ. ಒಂದೇ ಕೋಣೆಯಲ್ಲಿ, ಕೆಲವೇ ದಿನಗಳ ಅಂತರದಲ್ಲಿ, ಎರಡು ದೇಹಗಳು ಸಾಕ್ಷ್ಯವಾಗಿ ಮುಖಾಮುಖಿಯಾದವು. ಸೌಪ್ತಿಕ ಪರ್ವದಲ್ಲಿ ಮಕ್ಕಳನ್ನು ಕಳೆದುಕೊಂಡ ದ್ರೌಪದಿ ಊಟ ಬಿಟ್ಟು ಕುಳಿತು ಅಶ್ವತ್ಥಾಮನ ತಲೆಯ ಮಣಿಯನ್ನು ಕೇಳುತ್ತಾಳೆ. ಕಥೆ ಅವಳ ಮಾತಿಗಾಗಿ ನಿಲ್ಲುತ್ತದೆ. ಪ್ರಿಟೋರಿಯಾದಲ್ಲಿ ಅಂಥ ನಿಲುಗಡೆ ಬಂದದ್ದು ಸಾವಿನ ಮೂರು ವರ್ಷಗಳ ನಂತರ.

ಆ ವಿಚಾರಣೆಯ ಫಲವಾಗಿ ಮಸೀಪಾ ಆರು ವರ್ಷ ವಿಧಿಸಿದರು. ಕೊಲೆಗೆ ಸಾಮಾನ್ಯವಾಗಿ ಹದಿನೈದು ವರ್ಷಗಳ ಕನಿಷ್ಠ ಶಿಕ್ಷೆಯಿರುವ ಆ ದೇಶದಲ್ಲಿ ಇದು ಅತ್ಯಲ್ಪವೆಂದು ಮೇಲ್ಮನವಿ ನ್ಯಾಯಾಲಯ 2017ರ ನವೆಂಬರ್‌ನಲ್ಲಿ ಅದನ್ನು ಹದಿಮೂರು ವರ್ಷ ಐದು ತಿಂಗಳಿಗೆ ಏರಿಸಿತು. ಬ್ಯಾರಿ ಸ್ಟೀನ್‌ಕಾಂಪ್ 2023ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಪೆರೋಲ್ ಮಂಜೂರಾದದ್ದು ಅದೇ ನವೆಂಬರ್‌ನಲ್ಲಿ. 2024ರ ಜನವರಿ 5ರಂದು ಪಿಸ್ಟೋರಿಯಸ್ ಸೆರೆಮನೆಯಿಂದ ಹೊರಬಂದ. ಜೀವಾವಧಿ ಶಿಕ್ಷೆ ಅನುಭವಿಸುತ್ತಿರುವವರು ಉಳಿದುಕೊಂಡ ನಾವು ಎಂಬ ಅರ್ಥದ ಹೇಳಿಕೆಯನ್ನು ತಾಯಿ ಜೂನ್ ಅಂದು ನೀಡಿದರು. ಶಿಕ್ಷೆಯ ಅವಧಿ ಮುಗಿಯುವುದು 2029ರ ಡಿಸೆಂಬರ್‌ನಲ್ಲಿ. ಪೆರೋಲಿನ ಷರತ್ತುಗಳಲ್ಲಿ ಸ್ತ್ರೀಯರ ಮೇಲಿನ ಹಿಂಸೆಯನ್ನು ಕುರಿತ ಕಾರ್ಯಕ್ರಮಗಳಿಗೆ ಹಾಜರಾಗುವುದು ಒಂದು, ಮಾಧ್ಯಮಗಳಿಗೆ ಸಂದರ್ಶನ ನೀಡದಿರುವುದು ಇನ್ನೊಂದು.