ಭಿನ್ನರಾಶಿಯ ಗೆರೆ ಎಲ್ಲಿಯವರೆಗೆ?

ಕಣ್ಣು ಕಾಣದ ಮಕ್ಕಳಿಗೆ ಗಣಿತ ಯಾಕೆ, ಬದಲಿಗೆ ಸುಲಭದ ವಿಷಯ ಕೊಡಿಸಿ ಎಂಬ ಮಾತನ್ನು ಶಾಲೆಯಿಂದ ಶಾಲೆಗೆ ಓಡಾಡುವ ಸಂಪನ್ಮೂಲ ಶಿಕ್ಷಕನಾಗಿ ಎಷ್ಟೋ ಸಲ ಕೇಳಿದ್ದೇನೆ. ಹೇಳುವವರದು ಕೆಟ್ಟ ಮನಸ್ಸಲ್ಲ, ಮಗು ಫೇಲಾಗದಿರಲಿ ಎಂಬ ಕಾಳಜಿ. ಆದರೂ ನಾನು ಒಪ್ಪಲಾರೆ. ಹತ್ತನೇ ತರಗತಿಯಲ್ಲೇ ಗಣಿತ ಬಿಟ್ಟ ಮಗುವಿಗೆ ಮುಂದೆ ವಿಜ್ಞಾನ, ಕಂಪ್ಯೂಟರ್, ವಾಣಿಜ್ಯದ ಎಷ್ಟೋ ದಾರಿಗಳು ಮುಚ್ಚಿಹೋಗುತ್ತವೆ. ನಾನು ಕಂಡಂತೆ ಈ ಮಕ್ಕಳು ಎಡವುವುದು ಲೆಕ್ಕ ಅವರ ಕಿವಿಗೆ ತಲುಪುವ ರೀತಿಯಲ್ಲಿ.

ಸರ್ಕಾರಿ ಪ್ರೌಢಶಾಲೆಯೊಂದರ ಒಂಬತ್ತನೇ ತರಗತಿಯ ಹುಡುಗಿ ನನಗೆ ಇದನ್ನು ಮನದಟ್ಟು ಮಾಡಿಸಿದಳು. ತರಗತಿಯಲ್ಲಿ ಗಣಿತದ ಮೇಡಂ 'ಎಕ್ಸ್ ಪ್ಲಸ್ ಒಂದು ಬೈ ಎರಡು' ಎಂದು ಓದಿದರು. ಅವಳು ನನ್ನ ಕಡೆ ತಿರುಗಿ, "ಸಾರ್, ಎರಡು ಇರೋದು ಪೂರ್ತಿಯ ಕೆಳಗಾ, ಬರೀ ಒಂದರ ಕೆಳಗಾ?" ಎಂದಳು. ಎಕ್ಸ್ ಬೆಲೆ 5 ಎಂದುಕೊಳ್ಳಿ. ಗೆರೆ ಪೂರ್ತಿ ಹಾಯ್ದಿದ್ದರೆ ಉತ್ತರ 3, ಒಂದರ ಕೆಳಗಷ್ಟೇ ಇದ್ದರೆ ಐದೂವರೆ. ಬೋರ್ಡು ಕಾಣುವವರಿಗೆ ಆ ಗೆರೆಯ ಉದ್ದವೇ ಎಲ್ಲವನ್ನೂ ಹೇಳಿಬಿಡುತ್ತದೆ, ಮಾತಿನಲ್ಲಿ ಅದು ಮಾಯವಾಗುತ್ತದೆ. 'ಇದನ್ನು ಇಲ್ಲಿಗೆ ತಂದರೆ ಇದು ಬಂತು' ಎನ್ನುವ ವಿವರಣೆಯಲ್ಲಂತೂ ಅವಳಿಗೆ ಸಿಗುವುದು ಸೀಮೆಸುಣ್ಣದ ಸದ್ದು ಮಾತ್ರ. ಬರೆಯುತ್ತಿರುವುದನ್ನೆಲ್ಲ ಬಾಯಲ್ಲಿ ಹೇಳುತ್ತಾ ಬರೆಯಿರಿ, ಆವರಣ ಎಲ್ಲಿ ತೆರೆಯಿತು, ಎಲ್ಲಿ ಮುಚ್ಚಿತು ಅನ್ನುವುದನ್ನೂ ಬಿಡಬೇಡಿ ಎಂದು ಮೇಡಂ ಅವರನ್ನು ಕೇಳಿಕೊಂಡೆ. ಅವರು ಆ ವಾರದಿಂದಲೇ ಶುರುಮಾಡಿದರು. ಹಿಂದಿನ ಬೆಂಚಿನವರಿಗೂ ಅದು ಅನುಕೂಲವಾಯಿತು.

ಉಪಕರಣಗಳ ವಿಷಯಕ್ಕೆ ಬಂದರೆ, ನಾನು ಈಗಲೂ ಮೊದಲು ಕೈಗೆ ಕೊಡುವುದು ಟೇಲರ್ ಫ್ರೇಮ್. ಸಾಲುಸಾಲಾಗಿ ಎಂಟು ಮೂಲೆಯ ರಂಧ್ರಗಳು, ಅವುಗಳಲ್ಲಿ ನಿಲ್ಲಿಸುವ ಚಿಕ್ಕ ಲೋಹದ ಟೈಪುಗಳು. ಟೈಪಿನ ಒಂದು ತುದಿಯಲ್ಲಿ ಏಣು, ಇನ್ನೊಂದರಲ್ಲಿ ಎರಡು ಮೊನೆ. ತಿರುಗಿಸಿ ಇಡುವ ದಿಕ್ಕಿನಿಂದ ಅಂಕಿ, ಚಿಹ್ನೆ ಗೊತ್ತಾಗುತ್ತದೆ. ಹಳೆಯ ಕಾಲದ್ದೆಂದು ಕೆಲವರು ಇದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿರುತ್ತಾರೆ. ಆದರೆ ಇದರ ಮೇಲೆ ಮಾಡಿದ ಲೆಕ್ಕ ಅಲ್ಲೇ ಉಳಿಯುತ್ತದೆ. ಮಗು ಮೂರು ಹೆಜ್ಜೆ ಹಿಂದೆ ಹೋಗಿ ಮುಟ್ಟಿ ನೋಡಬಹುದು, ತಪ್ಪಿದ್ದಲ್ಲಿ ಟೈಪು ಕಿತ್ತು ಬೇರೆ ಇಡಬಹುದು. ದಶಕ ಬಿಡಿಗಳ ಹಿಡಿತಕ್ಕೆ 1962ರಲ್ಲಿ ಟಿಮ್ ಕ್ರ್ಯಾನ್ಮರ್ ರೂಪಿಸಿದ ಅಬಾಕಸ್ ಚೆನ್ನ. ಮಣಿಗಳ ಹಿಂದೆ ಮೆತ್ತನೆ ಬಟ್ಟೆ ಇರುವುದರಿಂದ ಬೆರಳು ತಾಗಿದರೂ ಅವು ಜಾರುವುದಿಲ್ಲ.

ಆಮೇಲೆ ಲ್ಯಾಪ್‌ಟಾಪ್ ಬಂತು. ಅದರಲ್ಲಿ ಎನ್‌ವಿಡಿಎ ಹಾಕಿದೆವು, ಪರದೆಯನ್ನು ಓದಿ ಹೇಳುವ ಉಚಿತ ತಂತ್ರಾಂಶ. 2006ರಲ್ಲಿ ಇದನ್ನು ಶುರುಮಾಡಿದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಸ್ವತಃ ದೃಷ್ಟಿ ಇಲ್ಲದವರು. ಕನ್ನಡ ದನಿಯೂ ಇದೆ. ತೊಡಕಾದದ್ದು ನಾವು ಕೊಟ್ಟ ನೋಟ್ಸ್‌ನಿಂದ. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡವನ್ನು ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಓದಿತು. ಚಿತ್ರವಾಗಿ ಅಂಟಿಸಿದ ಸಮೀಕರಣದ ಬಳಿ ಬಂದಾಗ ಅಲ್ಲೊಂದು ಚಿತ್ರವಿದೆ ಎಂದಷ್ಟೇ ಹೇಳಿ ಮುಂದೆ ಹೋಯಿತು. ಎಲ್ಲವನ್ನೂ ಯೂನಿಕೋಡಿಗೆ ತಂದು, ಸಮೀಕರಣಗಳನ್ನು ವರ್ಡ್‌ನ ಈಕ್ವೇಷನ್ ಎಡಿಟರಿನಲ್ಲಿ ಹೊಸದಾಗಿ ಬರೆದೆವು. ಬೇಸರದ ಕೆಲಸ, ಆದರೆ ಬೇರೆ ದಾರಿ ಇರಲಿಲ್ಲ.

ಎನ್‌ವಿಡಿಎ ಜೊತೆ ಸಮೀಕರಣ ಓದಿ ಹೇಳುವ ಮ್ಯಾಥ್‌ಕ್ಯಾಟ್ ಸೇರಿಸಿದ ಮೇಲೆ ಹುಡುಗಿಯ ಕಲಿಕೆಯೇ ಬದಲಾಯಿತು. ಸಮೀಕರಣ ಓದಿ ಮುಗಿಸಿದ ಮೇಲೂ ಅದು ಮಗುವಿನ ಕೈಯಲ್ಲಿರುತ್ತದೆ. ಕೆಳಗಿನ ಬಾಣದ ಕೀಲಿ ಒತ್ತಿದರೆ ಭಿನ್ನರಾಶಿಯ ಒಳಕ್ಕೆ, ಇನ್ನೊಮ್ಮೆ ಒತ್ತಿದರೆ ಅಂಶದ ಒಳಕ್ಕೆ, ಬಲಬಾಣಕ್ಕೆ ಮುಂದಿನ ಪದ, ಮೇಲಿನದಕ್ಕೆ ಮತ್ತೆ ಹೊರಕ್ಕೆ. ಗೆರೆ ಎಲ್ಲಿಯವರೆಗೆ ಎಂದು ಅವಳು ಇನ್ನೊಬ್ಬರನ್ನು ಕೇಳಬೇಕಾಗಿರಲಿಲ್ಲ. ಅದು ಇಂಗ್ಲಿಷಿನಲ್ಲಿ ಓದುತ್ತಿದ್ದುದರಿಂದ ಕನ್ನಡ ಮಾಧ್ಯಮದ ಹುಡುಗಿಗೆ ಮೊದಮೊದಲು ಕಷ್ಟವಾಯಿತು. ನ್ಯೂಮರೇಟರ್ ಅಂದರೆ ಅಂಶ, ಡಿನಾಮಿನೇಟರ್ ಅಂದರೆ ಛೇದ ಎಂದು ಪಟ್ಟಿ ಮಾಡಿ ಬ್ರೈಲ್‌ನಲ್ಲಿ ಬರೆದುಕೊಂಡಳು. ಪುಣೆಯಲ್ಲಿ ಹುಟ್ಟಿ ಬೆಳೆದ ಟಿ.ವಿ. ರಾಮನ್ ಕಾರ್ನೆಲ್‌ನಲ್ಲಿ ಗಣಿತವನ್ನು ಓದಿ ಹೇಳುವ ತಂತ್ರಾಂಶ ಕಟ್ಟಿ 1994ರಲ್ಲಿ ಪಿಎಚ್‌ಡಿ ಪಡೆದರು, ಅವರಿಗೂ ಕಣ್ಣು ಕಾಣುವುದಿಲ್ಲ ಎಂದು ಹೇಳಿದಾಗ ಅವಳು ಬಹಳ ಪ್ರಶ್ನೆ ಕೇಳಿದಳು.

ನಕ್ಷೆಗೆ, ಅದನ್ನು ದನಿಯಾಗಿ ಕೇಳಿಸುವ ಡೆಸ್ಮೋಸ್ ಬಳಸಿದೆವು. ಗೆರೆ ಏರಿದಂತೆ ಸ್ವರ ಏರುತ್ತದೆ, ಇಳಿದರೆ ಇಳಿಯುತ್ತದೆ, ಎಕ್ಸ್ ಅಕ್ಷದ ಕೆಳಗೆ ಹೋದರೆ ಗೊರಗೊರ ಸದ್ದು ಬೆರೆಯುತ್ತದೆ. 'ಎಕ್ಸ್ ವರ್ಗ ಕಳೆ ಎರಡು ಎಕ್ಸ್ ಕಳೆ ಮೂರು' ಹಾಕಿ ಕೇಳಿಸಿದೆ. "ಗೊರಗೊರ ಶುರುವಾದಲ್ಲಿ ಒಂದು ಶೂನ್ಯತೆ, ನಿಂತಲ್ಲಿ ಇನ್ನೊಂದು. ಅಲ್ವಾ ಸಾರ್?" ಎಂದಳು. ಆ ಎರಡು ಬೆಲೆಗಳನ್ನು ಅಪವರ್ತಿಸಿ ತೆಗೆದು, ಟೇಲರ್ ಫ್ರೇಮಿನ ಮೇಲೆ ತಾಳೆ ನೋಡಿದಳು. ಆದರೂ ಬಿಂದು ಗುರುತಿಸುವುದನ್ನು ಕಲಿಸಲು ರಟ್ಟು, ಗುಂಡುಪಿನ್ನು, ದಾರವೇ ಬೇಕಾಯಿತು.

ಪರೀಕ್ಷೆಯ ಮಾತೇ ಬೇರೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿ ಲಿಪಿಕಾರರಿಗೆ, ಗಂಟೆಗೆ ಕನಿಷ್ಠ 20 ನಿಮಿಷದ ಹೆಚ್ಚುವರಿ ಸಮಯಕ್ಕೆ, ಟೇಲರ್ ಫ್ರೇಮ್, ಅಬಾಕಸ್, ಜ್ಯಾಮಿತಿ ಪೆಟ್ಟಿಗೆಗೆ ಅವಕಾಶವಿತ್ತು. ಕೊಠಡಿ ಮೇಲ್ವಿಚಾರಕರಿಗೆ ನಿಯಮ ತಿಳಿದಿರುತ್ತದೆ ಎಂದುಕೊಳ್ಳಬೇಡಿ, ಈಗ ಜಾರಿಯಲ್ಲಿರುವ ಮಾರ್ಗಸೂಚಿಯ ಒಂದು ಪ್ರತಿ ಜೊತೆಗಿರಲಿ. ಲಿಪಿಕಾರರನ್ನು ಮುಂಚೆಯೇ ಗೊತ್ತುಮಾಡಿ ಮಗುವಿನ ಜೊತೆ ಕೂರಿಸಿ. 'ಆವರಣ ತೆರೆ, ಆವರಣ ಮುಚ್ಚು, ಪೂರ್ತಿಯ ಕೆಳಗೆ ಎರಡು' ಎಂದು ಹೇಳುವ ಅಭ್ಯಾಸ ಮಗುವಿಗೂ, ಹೇಳಿದಷ್ಟನ್ನೇ ಬರೆಯುವ ಅಭ್ಯಾಸ ಲಿಪಿಕಾರರಿಗೂ ಆಗಬೇಕು. ನಾವು ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು, ಗಡಿಯಾರ ನೋಡಿಕೊಂಡೇ ಇದನ್ನು ಮಾಡಿಸಿದೆವು.